ವಿದ್ಯಾರ್ಥಿಯ ಲ್ಯಾಪ್‌ಟಾಪು: ಅಲ್ಪವ್ಯಯದಲ್ಲಿ ಅದರ ಅಳವಡಿಕೆ ಮತ್ತು ಸಂರಕ್ಷಣೆ

ಒಂದು ಕಾಲದಲ್ಲಿ ಪಾಟಿ, ಬಳಪ, ಮಸಿಕುಡಿಕೆ, ಲೇಖನಿ ಇಷ್ಟು ಒದಗಿದರೆ ವಿದ್ಯಾರ್ಥಿಯ ಪರಿಕರವೆಲ್ಲ ಕೂಡಿಬಂದಂತೆ ಎಣಿಸುತ್ತಿದ್ದರು. ಪಾಟಿ ಒಡೆದರೆ ಮುಂದಿನ ಸಂತೆಯ ದಿನ ಇನ್ನೊಂದು ಮನೆಗೆ ಬರುತ್ತಿತ್ತು. ಅದರ ಮೇಲೆ ಬರೆದುದು ಸಂಜೆಗೆ ಒರೆಸಿಹೋಗತಕ್ಕದ್ದೇ ಆದುದರಿಂದ ಅದು ಅಳಿದುಹೋಯಿತೆಂದು ಕೊರಗುವ ಪ್ರಸಂಗವೂ ಬರುತ್ತಿರಲಿಲ್ಲ. ಇಂದು ಹತ್ತನೆಯ ತರಗತಿಯನ್ನು ದಾಟಿ ಪಟ್ಟಣದ ಕಾಲೇಜಿಗೆ ಹೊರಟ ಹಳ್ಳಿಯ ಹುಡುಗನ ಅಥವಾ ಹುಡುಗಿಯ ಕೈಗೆ ಪಾಟಿಯ ಸ್ಥಾನದಲ್ಲಿ ಲ್ಯಾಪ್‌ಟಾಪು ಬಂದು ಕುಳಿತಿದೆ. ಇದಕ್ಕೆ ಮಡಿಲಗಣಕವೆಂದು ಹೆಸರಿಡಲು ಯತ್ನಿಸಿದವರುಂಟು. ಹೆಸರು ಚೆಲುವಾಗಿಯೇ ಇದೆ, ಆದರೆ ಆ ಹೆಸರು ಹೇಳಿ ಅಂಗಡಿಯಲ್ಲಿ ಕೇಳಿದರೆ ವಸ್ತು ದೊರೆಯದು. ಆದುದರಿಂದ ಜನರ ಬಾಯಲ್ಲಿರುವ ಮಾತನ್ನೇ ಇಲ್ಲಿಯೂ ಇಟ್ಟುಕೊಳ್ಳಲಾಗಿದೆ.

ಈ ಯಂತ್ರವು ಬಹುತೇಕ ಮನೆಗಳಲ್ಲಿ ಸುಲಭವಾಗಿ ಬರುವುದಿಲ್ಲ. ತಂದೆಯು ಪೀಕಿನ ಹಣದಲ್ಲಿ ಒಂದು ಪಾಲನ್ನು ಬೇರೆ ತೆಗೆದಿಟ್ಟಿರುತ್ತಾನೆ. ತಾಯಿಯ ಸ್ವಸಹಾಯ ಸಂಘದ ಸಾಲವೂ ಅದಕ್ಕೆ ಸೇರಿರುತ್ತದೆ. ಇಲ್ಲವೆ ಹಳೆಯ ವಿದ್ಯಾರ್ಥಿಗಳೋ ದಾನಿಗಳೋ ಕೈಜೋಡಿಸಿರುತ್ತಾರೆ. ಇಷ್ಟು ಜನರ ಬೆವರಿನಿಂದ ಬಂದ ವಸ್ತು ಮೊದಲ ವರ್ಷದಲ್ಲಿಯೇ ಮೂಲೆ ಸೇರಿದರೆ ಆಗುವ ನಷ್ಟವನ್ನು ಹಣದಿಂದ ಮಾತ್ರ ಅಳೆಯಲಾಗದು. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿದೆ. ಯಂತ್ರವನ್ನು ಹೇಗಾದರೂ ಇನ್ನೊಮ್ಮೆ ಕೊಳ್ಳಬಹುದು. ಅದರಲ್ಲಿ ಆರು ತಿಂಗಳು ಕುಳಿತು ಬರೆದ ಪ್ರಬಂಧವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲು ಬಾರದು. ರಕ್ಷಣೆಯ ವಿಚಾರದಲ್ಲಿ ಹೆಚ್ಚಿನವರು ಯಂತ್ರದ ಮೈಗೆ ಚೀಲ, ಹೊದಿಕೆ, ಗಾಜಿನ ತೆರೆ ಎಂದು ಖರ್ಚು ಮಾಡುತ್ತಾರೆ. ಒಳಗಿರುವ ಬರಹಕ್ಕೆ ಒಂದು ರೂಪಾಯಿಯನ್ನೂ ತೆಗೆದಿಡುವುದಿಲ್ಲ. ಈ ಕ್ರಮವನ್ನು ತಿರುಗುಮುರುಗು ಮಾಡಬೇಕಾಗಿದೆ.

ಮೊದಲು ಕೊಳ್ಳುವ ಮಾತು. ಅಗ್ಗದ ಯಂತ್ರಗಳಲ್ಲಿ ಒಂದು ಬಲೆ ಇರುತ್ತದೆ. ಹೊರಗಿನಿಂದ ನೋಡಿದರೆ ತೆಳ್ಳಗೆ, ಹೊಳೆಹೊಳೆಯುವ ವಸ್ತು. ಒಳಗೆ ಸಂಗ್ರಹಕ್ಕೆ ಇರುವುದು ಅಲುಗಿಸಲಾಗದಂತೆ ಬೆಸುಗೆ ಹಾಕಿದ 64 ಜಿಬಿಯ ಇಎಂಎಂಸಿ ಎಂಬ ಸಣ್ಣ ಉಗ್ರಾಣ. ವಿಂಡೋಸ್ 11 ಎಂಬ ಕಾರ್ಯವ್ಯವಸ್ಥೆಗೆ ಅದನ್ನು ರೂಪಿಸಿದ ಕಂಪನಿಯೇ ಹೇಳಿರುವ ಕನಿಷ್ಠ ಅಗತ್ಯ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಸಂಗ್ರಹ. ಕನಿಷ್ಠವೆಂದರೆ ಉಸಿರಾಡುವುದಕ್ಕೆ ಸಾಕಾಗುವಷ್ಟು, ದುಡಿಯುವುದಕ್ಕೆ ಅಲ್ಲ. ಇಂಥ ಯಂತ್ರವು ಕೆಲವು ತಿಂಗಳಲ್ಲಿ ತುಂಬಿಹೋಗಿ, ಹೊಸ ಪರಿಷ್ಕರಣಗಳನ್ನು ಸ್ವೀಕರಿಸಲು ಸ್ಥಳವಿಲ್ಲದೆ ನಿಂತುಬಿಡುತ್ತದೆ. 8 ಜಿಬಿ ರ್‍ಯಾಮ್, 256 ಜಿಬಿಗೆ ಕಡಿಮೆಯಿಲ್ಲದ ಎಸ್‌ಎಸ್‌ಡಿ ಇವೆರಡನ್ನು ಹಿಡಿದು ಕೇಳುವುದು ಕ್ಷೇಮ. 512 ಜಿಬಿ ದೊರೆತರೆ ಇನ್ನೂ ಒಳ್ಳೆಯದು. ತೆರೆಯ ಬಣ್ಣ, ಮೈಯ ಹೊಳಪು, ಬೆಳಗುವ ಕೀಲಿಗಳು ಆಮೇಲಿನ ಮಾತು. ರ್‍ಯಾಮನ್ನು ಮುಂದೆ ಹೆಚ್ಚಿಸಿಕೊಳ್ಳಲು ಒಳಗೆ ಖಾಲಿ ತಾಣವಿದೆಯೇ ಎಂದು ಅಂಗಡಿಯವನನ್ನು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಯಿಸಿಕೊಂಡರೂ ತಪ್ಪಿಲ್ಲ.

ಹಣ ತೀರ ಕಡಿಮೆಯಿದ್ದಲ್ಲಿ, ಕಚೇರಿಗಳಲ್ಲಿ ಬಳಸಿ ಬಿಟ್ಟು ಮತ್ತೆ ಸರಿಪಡಿಸಿ ಮಾರುವ ಯಂತ್ರಗಳೂ ದೊರೆಯುತ್ತವೆ. ಗಟ್ಟಿತನದಲ್ಲಿ ಅವು ಅನೇಕ ವೇಳೆ ಹೊಸ ಅಗ್ಗದ ಯಂತ್ರಗಳನ್ನು ಮೀರಿಸುತ್ತವೆ. ಅಲ್ಲಿ ನೋಡಬೇಕಾದ ಅಂಶ ಒಂದಿದೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ವಿಂಡೋಸ್ 11 ಸಲ್ಲಬೇಕಾದರೆ ಇಂಟೆಲ್ ಸಂಸ್ಕಾರಕವು, ಕೆಲವು ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆಯದೋ ಅದಕ್ಕೆ ಈಚಿನದೋ ಆಗಿರಬೇಕು. ಅದಕ್ಕಿಂತ ಹಳೆಯದಾದ ಯಂತ್ರ ಕೈಗೆ ಬಂದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ಬರವಣಿಗೆ, ಲೆಕ್ಕ, ಅಂತರ್ಜಾಲ ಇಷ್ಟಕ್ಕೆ ಅದು ಧಾರಾಳವಾಗಿ ಸಾಕು. ಕಾಲೇಜಿನಲ್ಲಿ ಬಳಸುವ ತಂತ್ರಾಂಶವು ವಿಂಡೋಸಿನಲ್ಲಿ ಮಾತ್ರ ನಡೆಯುವಂಥದೇ ಎಂಬುದನ್ನು ಅಧ್ಯಾಪಕರಲ್ಲಿ ಮೊದಲೇ ವಿಚಾರಿಸಿಕೊಂಡಿರಬೇಕು, ಅಷ್ಟೆ.

ಜಿಎಸ್‌ಟಿ ಬಿಲ್ಲನ್ನು ಬಿಡಬಾರದು. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆನ್ನುವ ವ್ಯಾಪಾರಿಯು ಉಳಿಸಿಕೊಡುವುದಕ್ಕಿಂತ ಕಳೆಯುವುದೇ ಹೆಚ್ಚು. ವಾರಂಟಿಯ ಹಕ್ಕೆಲ್ಲ ಆ ಕಾಗದದ ಮೇಲೆ ನಿಂತಿರುತ್ತದೆ. ಬಿಲ್ಲು, ಯಂತ್ರದ ಅಡಿಯಲ್ಲಿರುವ ಕ್ರಮಸಂಖ್ಯೆ, ಪೆಟ್ಟಿಗೆಯ ಮೇಲಿನ ಚೀಟಿ ಈ ಮೂರರ ಚಿತ್ರವನ್ನು ತಂದೆಯ ಮೊಬೈಲಿನಲ್ಲಿಯೂ ಇಡತಕ್ಕದ್ದು. ಯಂತ್ರ ಕಳುವಾದ ದಿನ ಠಾಣೆಯಲ್ಲಿ ಮೊದಲು ಕೇಳುವುದು ಈ ಸಂಖ್ಯೆಯನ್ನೇ. ಅದು ಕಳುವಾದ ಯಂತ್ರದ ಅಡಿಯಲ್ಲಿ ಮಾತ್ರ ಬರೆದಿದ್ದರೆ ಯಾರಿಗೂ ಪ್ರಯೋಜನವಿಲ್ಲ.

ಇನ್ನು ಯಂತ್ರವನ್ನು ಮೊದಲ ಸಲ ತೆರೆಯುವ ಪ್ರಸಂಗ. ಇಲ್ಲಿ ನಡೆಯುವ ಒಂದು ತಪ್ಪಿನ ಫಲ ಎಷ್ಟೋ ತಿಂಗಳ ಮೇಲೆ ಕಾಣಿಸಿಕೊಳ್ಳುತ್ತದೆಯಾದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹುಡುಗನಿಗೆ ತಿಳಿಯದೆಂದು ಅಂಗಡಿಯವನೋ, ಪರಿಚಯದ ಯಾರೋ ಒಬ್ಬನೋ, ತನ್ನದೇ ಇ-ಮೇಲ್ ವಿಳಾಸವನ್ನು ಹಾಕಿ ಐದು ನಿಮಿಷದಲ್ಲಿ ಖಾತೆಯನ್ನು ತೆರೆದುಕೊಡುತ್ತಾನೆ. ಉಪಕಾರವೆಂದೇ ಮಾಡಿದ ಕೆಲಸ. ಆದರೆ ಈಚಿನ ಯಂತ್ರಗಳಲ್ಲಿ ಅನೇಕವು ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಒಳಗಿರುವ ಸಂಗ್ರಹವನ್ನೆಲ್ಲ ತಾವಾಗಿಯೇ ಗೂಢಲಿಪಿಗೆ ತಿರುಗಿಸಿಕೊಳ್ಳುತ್ತವೆ. ಕಳ್ಳನ ಕೈಗೆ ಬಿದ್ದರೂ ಓದಲಾಗಬಾರದೆಂಬುದು ಇದರ ಉದ್ದೇಶ, ಉದ್ದೇಶವು ಒಳ್ಳೆಯದೇ. ಈ ಗೂಢಲಿಪಿಯನ್ನು ಬಿಡಿಸಲು 48 ಅಂಕೆಗಳ ಒಂದು ಕೀಲಿ ಇರುತ್ತದೆ, ಅದು ಹೋಗಿ ಕೂರುವುದು ಖಾತೆಯಲ್ಲಿ. ದುರಸ್ತಿಯಲ್ಲಿ ಮುಖ್ಯ ಫಲಕವನ್ನು ಬದಲಿಸಿದಾಗಲೋ, ಒಂದು ಪರಿಷ್ಕರಣದ ಅನಂತರವೋ ಯಂತ್ರವು ಒಂದು ಮುಂಜಾನೆ ನೀಲಿ ತೆರೆಯನ್ನು ತೋರಿಸಿ ಆ ಕೀಲಿಯನ್ನು ಕೇಳುತ್ತದೆ. ಖಾತೆಯು ವಿದ್ಯಾರ್ಥಿಯದಾಗಿದ್ದರೆ ಮೊಬೈಲಿನಿಂದ ಒಳಹೊಕ್ಕು ಕೀಲಿಯನ್ನು ನೋಡಿಕೊಳ್ಳಬಹುದು. ಖಾತೆಯು ಇನ್ನೊಬ್ಬನದಾಗಿದ್ದು, ಅವನು ಊರು ಬಿಟ್ಟಿದ್ದರೆ ಅಥವಾ ತನ್ನ ಗುಪ್ತಪದವನ್ನೇ ಮರೆತಿದ್ದರೆ ಒಳಗಿನ ಬರಹವೆಲ್ಲ ಮುದ್ರೆ ಬಿದ್ದ ಪೆಟ್ಟಿಗೆಯಂತೆ ಉಳಿಯುತ್ತದೆ. ಕಂಪನಿಯ ಸಹಾಯ ವಿಭಾಗದವರೂ ಅದನ್ನು ತೆರೆದುಕೊಡುವುದಿಲ್ಲ.

ಆದುದರಿಂದ ಖಾತೆಯನ್ನು ವಿದ್ಯಾರ್ಥಿಯ ಸ್ವಂತ ಇ-ಮೇಲಿನಿಂದ, ವಿದ್ಯಾರ್ಥಿಯ ಅಥವಾ ತಂದೆತಾಯಿಯರ ಮೊಬೈಲ್ ಸಂಖ್ಯೆಯಿಂದಲೇ ತೆರೆಯಬೇಕು. ಆ 48 ಅಂಕೆಗಳನ್ನು ಅಂದೇ ಒಂದು ಕಾಗದದಲ್ಲಿ ಬರೆದು ಮನೆಯಲ್ಲಿ, ಹೊಲದ ಪಹಣಿ, ರೇಷನ್ ಕಾರ್ಡು ಇಡುವ ಸ್ಥಳದಲ್ಲಿಡಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ.

ಎರಡನೆಯ ಕೆಲಸ ಪರಿಷ್ಕರಣ, ಜನರ ಮಾತಿನಲ್ಲಿ ಅಪ್‌ಡೇಟು. ಇದು ಡೇಟಾ ತಿನ್ನುತ್ತದೆಂದು, ಯಂತ್ರವನ್ನು ನಿಧಾನ ಮಾಡುತ್ತದೆಂದು ವಿದ್ಯಾರ್ಥಿಗಳು ಮುಂದೂಡುತ್ತಲೇ ಇರುತ್ತಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಕಡತಗಳನ್ನು ಬೀಗ ಹಾಕಿ ಒತ್ತೆಹಣ ಕೇಳಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ನಿಂತುಹೋದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಕಂಪನಿಯು ಎರಡು ತಿಂಗಳು ಮುಂಚೆ, ಮಾರ್ಚ್ 14ರಂದೇ, ಬಿಡುಗಡೆ ಮಾಡಿತ್ತು. ತೇಪೆ ಹಾಕಿಕೊಂಡವರು ಉಳಿದರು. ಮೊಬೈಲಿನ ದಿನದ ಡೇಟಾದಿಂದಲೇ ಯಂತ್ರ ನಡೆಸುವ ಹುಡುಗರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿಟ್ಟುಕೊಂಡರೆ ಹೇಳದೆ ಕೇಳದೆ ದೊಡ್ಡ ಪರಿಷ್ಕರಣಗಳು ಇಳಿಯುವುದಿಲ್ಲ. ವಾರಕ್ಕೊಮ್ಮೆ ಗ್ರಂಥಾಲಯದ ಅಥವಾ ವಿದ್ಯಾರ್ಥಿನಿಲಯದ ವೈ-ಫೈಯಲ್ಲಿ ಕುಳಿತು ಅವನ್ನು ಮುಗಿಸಬಹುದು. ಗುರುತಿಸಿಟ್ಟು ವಾರದ ಕೆಲಸವನ್ನು ಮರೆತರೆ ಮಾತ್ರ ಔಷಧವೇ ರೋಗವಾಗುತ್ತದೆ.

ವೈರಸ್ ನಿರೋಧಕಕ್ಕೆಂದು ಪ್ರತಿವರ್ಷ ಹಣ ತೆರುವ ಅಗತ್ಯ ಸಾಮಾನ್ಯ ವಿದ್ಯಾರ್ಥಿಗೆ ಇಲ್ಲ. ವಿಂಡೋಸಿನೊಡನೆಯೇ ಬರುವ ಡಿಫೆಂಡರ್ ಉಚಿತವಾದುದು, ಸಾಕಷ್ಟು ಸಮರ್ಥವಾದುದು. ಹೊಸ ಯಂತ್ರದಲ್ಲಿ ಮೊದಲೇ ತುಂಬಿ ಬಂದಿರುವ ಬೇರೊಂದು ನಿರೋಧಕವು ತಿಂಗಳು ಕಳೆದ ಮೇಲೆ ‘ನಿಮ್ಮ ರಕ್ಷಣೆ ಮುಗಿಯಿತು’ ಎಂದು ಹೆದರಿಸಲಾರಂಭಿಸುತ್ತದೆ. ಹೆದರಬೇಕಾದುದಿಲ್ಲ, ಅದನ್ನು ತೆಗೆದುಹಾಕಿದರೆ ಡಿಫೆಂಡರ್ ತಾನಾಗಿಯೇ ಕಾವಲಿಗೆ ನಿಲ್ಲುತ್ತದೆ. ನಿಜವಾಗಿ ಹೆದರಬೇಕಾದುದು ಕದ್ದ ತಂತ್ರಾಂಶಕ್ಕೆ. ಗೆಳೆಯನ ಪೆನ್‌ಡ್ರೈವಿನಿಂದ ‘ಕ್ರ್ಯಾಕ್’ ಮಾಡಿದ ಆಫೀಸನ್ನು ಹಾಕಿಕೊಳ್ಳುವಾಗ ಮೊದಲ ಸೂಚನೆಯೇ ‘ನಿರೋಧಕವನ್ನು ನಿಲ್ಲಿಸಿರಿ’ ಎಂದಿರುತ್ತದೆ. ಮನೆಯ ನಾಯಿಯನ್ನು ಕಟ್ಟಿಹಾಕಿದರೆ ಮಾತ್ರ ಒಳಗೆ ಬರುತ್ತೇನೆನ್ನುವ ಅತಿಥಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆಹ, ಕೋಷ್ಟಕ, ಪ್ರದರ್ಶನಪುಟ ಮೂರೂ ಆಗುತ್ತವೆ. ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಇ-ಮೇಲ್ ಕೊಟ್ಟಿದ್ದರೆ ಅದರ ಮೂಲಕ ಮೂಲ ಆಫೀಸೇ ಉಚಿತವಾಗಿ ದೊರೆಯುವ ಸಂದರ್ಭಗಳೂ ಉಂಟು. ಕೇಳಿ ನೋಡದೆ ಕದಿಯಲು ಹೋಗುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು.

ಗುಪ್ತಪದದ ವಿಚಾರದಲ್ಲಿ ಉದ್ದವೇ ಬಲ. ಹುಟ್ಟಿದ ದಿನಾಂಕ, ಊರಿನ ಹೆಸರು, ಮನೆದೇವರ ಹೆಸರು ಇವು ಊರಿಗೆಲ್ಲ ತಿಳಿದ ಗುಟ್ಟುಗಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು, ಬೆಲ್ಲ, ಗಾಲಿ, ನವಿಲು, ಸುಣ್ಣ ಎಂಬಂತೆ, ರೋಮನ್ ಲಿಪಿಯಲ್ಲಿ ಸಾಲಾಗಿ ಬರೆದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. (ಇದೇ ನಾಲ್ಕನ್ನು ಯಾರೂ ಬಳಸದಿರುವುದು ಲೇಸು.) ಇ-ಮೇಲಿಗೆ ಗುಪ್ತಪದದ ಜೊತೆಗೆ ಎರಡನೆಯ ಹಂತದ ದೃಢೀಕರಣವನ್ನೂ ಇಟ್ಟುಕೊಳ್ಳಬೇಕು, ಏಕೆಂದರೆ ಮಿಕ್ಕ ಎಲ್ಲ ಖಾತೆಗಳ ಬೀಗದಕೈ ಆ ಒಂದು ಇ-ಮೇಲಿನಲ್ಲಿ ಇರುತ್ತದೆ.

ಇನ್ನು ಕನ್ನಡ ಬರವಣಿಗೆಯ ಸಂಗತಿ. ಲ್ಯಾಪ್‌ಟಾಪಿನ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ಬರುವುದಿಲ್ಲ. ಆದರೆ ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಇದೂ ಸಂರಕ್ಷಣೆಯ ಒಂದು ಭಾಗವೇ. ಕನ್ನಡವನ್ನು ಕಂಪ್ಯೂಟರಿನಲ್ಲಿ ಮೊದಮೊದಲು ಮೂಡಿಸಿದ ತಂತ್ರದಲ್ಲಿ ಕನ್ನಡದ ಅಕ್ಷರಕ್ಕೆ ತನ್ನದೇ ಆದ ಸ್ಥಾನವಿರಲಿಲ್ಲ. ರೋಮನ್ ಅಕ್ಷರಗಳು ಕೂರಬೇಕಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಒಂದು ಫಾಂಟಿನ ಬಲದಿಂದ ಕನ್ನಡವೆಂದು ತೋರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹವನ್ನು ತೆರೆದರೆ ರೋಮನ್ ಅಕ್ಷರಗಳ, ಚಿಹ್ನೆಗಳ ಅರ್ಥವಿಲ್ಲದ ಗೊಂದಲ ಕಾಣುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ವರ್ಣಗಳಿಗೆ ಅವುಗಳದೇ ಸ್ಥಾನ ದೊರೆಯಿತು. ಹಾಗಿದ್ದೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳ ಪದ್ಧತಿಯೇ ಉಳಿದುಬಂದಿತು. ಅಲ್ಲಿ ಬೆರಳಚ್ಚು ಮಾಡಿಸಿ ತಂದ ಪ್ರಬಂಧವು ಹತ್ತು ವರ್ಷದ ಮೇಲೆ ಬರೆದವನಿಗೇ ಓದಲಾಗದಂತಾದರೆ ಆಶ್ಚರ್ಯವಿಲ್ಲ. ಹಳೆಗನ್ನಡದ ಶಾಸನವನ್ನಾದರೂ ಲಿಪಿ ಬಲ್ಲವರು ಓದಿಯಾರು.

ಆದುದರಿಂದ ಹೊಸ ಯಂತ್ರದಲ್ಲಿ ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯುವ ಅಭ್ಯಾಸವಾಗಬೇಕು. ಇದಕ್ಕೂ ಖರ್ಚಿಲ್ಲ. ವಿಂಡೋಸಿನ ಭಾಷಾ ವ್ಯವಸ್ಥೆಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯೂ ದೊರೆಯುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿಯೂ ಯೂನಿಕೋಡಿನ ಆಯ್ಕೆ ಇದೆ. ಶಾಲೆಯಲ್ಲಿ ನುಡಿಯನ್ನೇ ಕಲಿತುಬಂದವರು ಆ ಆಯ್ಕೆಯನ್ನು ಒತ್ತಿಕೊಂಡರೆ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಹಳೆಯ ಪದ್ಧತಿಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ. ಆದರೆ ತಿರುಗಿಸಿದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ಅರ್ಕಾವತ್ತೂ ಒತ್ತಕ್ಷರಗಳೂ ಅಲ್ಲಿ ಹಾದಿ ತಪ್ಪುವುದುಂಟು. ಅಧ್ಯಾಪಕರು ಮನಸ್ಸು ಮಾಡಿದರೆ ಯೂನಿಕೋಡಿನಲ್ಲಿ ಬರೆದ ಪ್ರಬಂಧವನ್ನು ಮಾತ್ರ ಸ್ವೀಕರಿಸುವೆವೆಂದು ಹೇಳಿ ಈ ಅಭ್ಯಾಸವನ್ನು ಒಂದೇ ವರ್ಷದಲ್ಲಿ ನೆಲೆಗೊಳಿಸಬಲ್ಲರು.

ಎಲ್ಲಕ್ಕಿಂತ ಮುಖ್ಯವಾದ ಪ್ರತಿಯ ವಿಚಾರಕ್ಕೆ ಈಗ ಬರಬಹುದು. ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರಿಗೆಲ್ಲ ಒಂದು ದುಃಖದ ಪಟ್ಟಿ ಪರಿಚಿತವಾಗಿದೆ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಇಂದು ಇಲ್ಲ. ಬೇರೆಯವರು ತಮ್ಮ ಗ್ರಂಥಗಳಲ್ಲಿ ಉದಾಹರಿಸಿದ ಬಿಡಿಪದ್ಯಗಳಿಂದ ಮಾತ್ರ ಅವುಗಳ ಇರವು ತಿಳಿಯುತ್ತದೆ. ರನ್ನನ ಪರಶುರಾಮಚರಿತ ದೊರೆತಿಲ್ಲ. ಪೊನ್ನನ ಭುವನೈಕರಾಮಾಭ್ಯುದಯ ದೊರೆತಿಲ್ಲ. ಅದೇ ಪೊನ್ನನ ಶಾಂತಿಪುರಾಣವಾದರೋ ನಮ್ಮ ಕೈಗೆ ಬಂದಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಈ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಆ ಮಹಾದಾನಿಯು ಓಲೆಗರಿಗಳಿಗೂ ಲಿಪಿಕಾರರಿಗೂ ಹಣವನ್ನು ವೆಚ್ಚಮಾಡಿದುದು, ಒಂದೇ ಕಟ್ಟಿನಲ್ಲಿರುವ ಕಾವ್ಯವು ಒಂದು ಗೆದ್ದಲಿಗೆ, ಒಂದು ಮಳೆಗಾಲಕ್ಕೆ ಸಾಲದೆಂಬ ತಿಳಿವಳಿಕೆಯಿಂದ ಎಂದು ಭಾವಿಸಲು ಅಡ್ಡಿಯಿಲ್ಲ. ಓಲೆಗೆ ಎಣ್ಣೆ ಸವರುತ್ತಿದ್ದರು, ಮರದ ಪಟ್ಟಿಗಳ ನಡುವೆ ಕಟ್ಟುತ್ತಿದ್ದರು, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಅದೆಲ್ಲ ಓಲೆಯ ರಕ್ಷಣೆ. ಕಾವ್ಯದ ರಕ್ಷಣೆಯಾದುದು ಇನ್ನೊಂದು ಊರಿನ ಇನ್ನೊಂದು ಮನೆಯಲ್ಲಿದ್ದ ಇನ್ನೊಂದು ಪ್ರತಿಯಿಂದ.

ಲ್ಯಾಪ್‌ಟಾಪಿನ ಬರಹಕ್ಕೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಬಲ್ಲವರು ಇದಕ್ಕೊಂದು ಲೆಕ್ಕ ಹೇಳುತ್ತಾರೆ: ಒಟ್ಟು ಮೂರು ಪ್ರತಿಗಳು ಇರಬೇಕು, ಅವು ಎರಡು ಬೇರೆ ಬೇರೆ ಬಗೆಯ ವಸ್ತುಗಳ ಮೇಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಬಡ ವಿದ್ಯಾರ್ಥಿಗೂ ಇದು ಎಟುಕದ ಮಾತಲ್ಲ. ಮೊದಲ ಪ್ರತಿ ಯಂತ್ರದಲ್ಲಿಯೇ ಇದೆ. ಬೇರೆ ಸ್ಥಳದ ಪ್ರತಿಗೆ ಅಂತರ್ಜಾಲದ ಉಗ್ರಾಣಗಳಿವೆ. ಗೂಗಲ್ ಖಾತೆಯೊಂದಿಗೆ 15 ಜಿಬಿ, ಮೈಕ್ರೋಸಾಫ್ಟ್ ಖಾತೆಯೊಂದಿಗೆ 5 ಜಿಬಿ ಸ್ಥಳ ಉಚಿತವಾಗಿ ಬರುತ್ತದೆ. ಚಿತ್ರಗಳೂ ಚಲನಚಿತ್ರಗಳೂ ಇದನ್ನು ಬೇಗ ತುಂಬಿಬಿಡುವುದು ನಿಜ. ಆದರೆ ಬರಿಯ ಅಕ್ಷರಗಳಿಂದ ಕೂಡಿದ ನೂರು ಪುಟದ ಪ್ರಬಂಧವು ಕೆಲವೇ ಎಂಬಿಗಳಿಗೆ ಮೀರದು. ಓದಿನ ಬರಹವೆಲ್ಲ ಒಂದೇ ಕಡತಕೋಶದಲ್ಲಿದ್ದು, ಆ ಕೋಶವೊಂದೇ ಉಗ್ರಾಣದೊಂದಿಗೆ ಹೊಂದಿಕೊಳ್ಳುವಂತಿದ್ದರೆ ಸಾಕು. ಚಲನಚಿತ್ರಗಳು ಹೋದರೆ ಹೋಗಲಿ.

ಇಲ್ಲೊಂದು ಸೂಕ್ಷ್ಮವಿದೆ. ಹೀಗೆ ತಾನಾಗಿಯೇ ಹೊಂದಿಕೊಳ್ಳುವ ಉಗ್ರಾಣವು ಕನ್ನಡಿಯಂತೆ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಸಿಹೋಗುತ್ತದೆ. ಅಳಿಸಿದ ಕಡತವು ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಬೇಸಗೆಯ ರಜೆಗೆ ಮುಂಚೆ ಕೈತಪ್ಪಿ ಅಳಿಸಿ, ರಜೆ ಕಳೆದ ಮೇಲೆ ಹುಡುಕಿದವನಿಗೆ ಅದು ಎರಡು ಕಡೆಯೂ ದೊರೆಯದು. ಆದುದರಿಂದಲೇ ಕನ್ನಡಿಯಲ್ಲದ ಮೂರನೆಯ ಪ್ರತಿಯೊಂದು ಬೇಕು. ಹೊರಗಿನಿಂದ ಜೋಡಿಸುವ ಒಂದು ಡಿಸ್ಕನ್ನು ಕೊಳ್ಳುವ ಶಕ್ತಿಯಿದ್ದರೆ ವಾರಕ್ಕೊಮ್ಮೆ ಅದರಲ್ಲಿ ಪ್ರತಿ ತೆಗೆದು, ತೆಗೆದ ಕೂಡಲೇ ತಂತಿಯನ್ನು ಕಳಚಿ ಬೇರೆಡೆ ಇಡಬೇಕು. ಸದಾ ಜೋಡಿಸಿಯೇ ಇಟ್ಟ ಡಿಸ್ಕು ಒತ್ತೆಹಣ ಕೇಳುವ ತಂತ್ರಾಂಶಕ್ಕೆ ಯಂತ್ರದೊಡನೆಯೇ ತುತ್ತಾಗುತ್ತದೆ. ಲ್ಯಾಪ್‌ಟಾಪಿನ ಚೀಲದಲ್ಲಿಯೇ ಇಟ್ಟ ಡಿಸ್ಕು ಕಳ್ಳನಿಗೆ ಲ್ಯಾಪ್‌ಟಾಪಿನೊಡನೆಯೇ ಸಲ್ಲುತ್ತದೆ. ಡಿಸ್ಕಿಗೆ ಹಣವಿಲ್ಲದಿದ್ದರೆ ಪೆನ್‌ಡ್ರೈವೂ ಆದೀತು. ಅದು ಬಾಳುವ ವಸ್ತುವಲ್ಲ, ಕಳೆಯುವುದೂ ಸುಲಭ. ಎರಡನ್ನಿಟ್ಟುಕೊಂಡು ಸರದಿಯ ಮೇಲೆ ಬಳಸಿದರೆ ಒಂದರ ದೋಷ ಇನ್ನೊಂದರಿಂದ ನೀಗುತ್ತದೆ. ತೆಗೆದ ಪ್ರತಿಯನ್ನು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಪ್ರತಿ ಇದೆಯೋ ಇಲ್ಲವೋ ಎಂಬುದು ಬೇಕಾದ ದಿನದವರೆಗೆ ತಿಳಿಯುವುದಿಲ್ಲ.

ಪ್ರತಿಗಾಗಿ ಇಟ್ಟ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಒಯ್ಯಲೇಬಾರದು. ದಿನವೂ ಹಲವಾರು ಪೆನ್‌ಡ್ರೈವುಗಳು ಚುಚ್ಚಿಹೋಗುವ ಅಲ್ಲಿಯ ಕಂಪ್ಯೂಟರಿನಲ್ಲಿ, ಕಡತಕೋಶಗಳನ್ನು ಮರೆಮಾಡಿ ಅವುಗಳ ಹೆಸರಿನಲ್ಲಿ ತನ್ನ ಕಿರುಹಾದಿಗಳನ್ನು ಕೂರಿಸುವ ವೈರಸ್ ಮನೆಮಾಡಿರುವುದು ಸಾಮಾನ್ಯ. ಮುದ್ರಣಕ್ಕೆ ಬೇಕಾದುದನ್ನು ಪಿಡಿಎಫ್ ಮಾಡಿ ಇ-ಮೇಲಿನಲ್ಲಿ ಕಳಿಸಿದರಾಯಿತು. ಪಿಡಿಎಫ್ ಆದ ಕಡತದಲ್ಲಿ ಫಾಂಟು ಒಳಗೇ ಅಡಕವಾಗುವುದರಿಂದ ಕನ್ನಡದ ಒತ್ತಕ್ಷರಗಳು ಅಂಗಡಿಯ ಯಂತ್ರದಲ್ಲಿ ಚೆದರಿಹೋಗುವ ಕಾಟವೂ ತಪ್ಪುತ್ತದೆ.

ಯಂತ್ರದ ಮೈಯ ವಿಷಯ ಇನ್ನು ಬೇಗ ಹೇಳಿ ಮುಗಿಸಬಹುದು. ಲ್ಯಾಪ್‌ಟಾಪಿನ ಚಾರ್ಜರು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗಿನ ಒತ್ತಡವನ್ನು ತಾಳುವಂತೆ ಮಾಡಿದ್ದು. ಹಳ್ಳಿಯ ಕುಗ್ಗಿದ ವಿದ್ಯುತ್ತಿಗೆ ಅದು ಅಷ್ಟಾಗಿ ಅಂಜುವುದಿಲ್ಲ. ಅದನ್ನು ಸುಡುವುದು ಹೋದ ಕರೆಂಟು ಮರಳಿ ಬರುವಾಗಿನ ಏಟು ಮತ್ತು ಸಿಡಿಲು. ಮೂರು ಕಾಲಿನ ಪ್ಲಗ್ಗಿನ ಮೇಲಿನ ಕಾಲನ್ನು ಮುರಿದೋ, ಬೆಂಕಿಕಡ್ಡಿ ಚುಚ್ಚಿಯೋ ಎರಡು ತೂತಿನ ಸಾಕೆಟ್ಟಿಗೆ ಸೇರಿಸುವ ಚಾತುರ್ಯವನ್ನು ವಿದ್ಯಾರ್ಥಿನಿಲಯಗಳಲ್ಲಿ ಕಾಣಬಹುದು. ಅದರಿಂದ ಯಂತ್ರಕ್ಕಿಂತ ಮೊದಲು ಮುಟ್ಟಿದವನಿಗೆ ಅಪಾಯ. ಗುಡುಗು ಕೇಳಿದೊಡನೆ ಪ್ಲಗ್ಗನ್ನು ಕಿತ್ತಿಡುವುದು ಸ್ವಿಚ್ ಆರಿಸುವುದಕ್ಕಿಂತ ಲೇಸು. ಏಟು ತಡೆಯುವ ಒಂದು ಸ್ಪೈಕ್ ಗಾರ್ಡಿಗೆ ತೆತ್ತ ಹಣ ವ್ಯರ್ಥವಲ್ಲ.

ಬ್ಯಾಟರಿಗೆ ಶತ್ರು ಕಾವು. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಬಳಸಿದರೆ ಅಡಿಯ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ; ಒಂದು ರಟ್ಟು ಅಥವಾ ಮಣೆ ಅಡಿಗಿದ್ದರೆ ಸಾಕು. ಸದಾ ಪ್ಲಗ್ಗಿಗೆ ಜೋಡಿಸಿ ನೂರಕ್ಕೆ ನೂರು ತುಂಬಿಸಿಡುವುದಕ್ಕಿಂತ ಎಂಬತ್ತಕ್ಕೆ ನಿಲ್ಲಿಸುವ ಆಯ್ಕೆ ಯಂತ್ರದಲ್ಲಿದ್ದರೆ ಅದನ್ನು ಬಳಸಬೇಕು. ಬ್ಯಾಟರಿ ಉಬ್ಬಿ ಕೀಲಿಮಣೆಯನ್ನು ಮೇಲಕ್ಕೆತ್ತಿದಂತೆ ಕಂಡರೆ ಅಂದಿಗೆ ಬಳಕೆ ನಿಲ್ಲಿಸತಕ್ಕದ್ದು. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಯೊಡನೆ ಆಟ. ಇನ್ನು ಧೂಳು. ವಿಜಯಪುರ, ಬಾಗಲಕೋಟೆಗಳ ಬೇಸಗೆಯ ಧೂಳೂ ಮಲೆನಾಡಿನ ಮಳೆಗಾಲದ ಥಂಡಿಯೂ ಬೇರೆ ಬೇರೆ ರೀತಿಯಲ್ಲಿ ಕೆಡಿಸುತ್ತವೆ. ಮೊದಲನೆಯದಕ್ಕೆ ಕೆಲಸವಿಲ್ಲದಾಗ ಮುಚ್ಚಿ ಬಟ್ಟೆ ಹೊದಿಸುವುದೇ ಪರಿಹಾರ. ಎರಡನೆಯದಕ್ಕೆ ದಿನಾಲೂ ಸ್ವಲ್ಪ ಹೊತ್ತಾದರೂ ಯಂತ್ರವನ್ನು ನಡೆಸುವುದು. ಮುಚ್ಚುವ ಮೊದಲು ಕೀಲಿಗಳ ಮೇಲೆ ಪೆನ್ನು ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ತೆರೆ ಒಡೆಯುವುದು ಬಿದ್ದು ಮಾತ್ರವಲ್ಲ, ಹೀಗೆಯೂ ಉಂಟು. ದುಬಾರಿ ಚೀಲ ಬೇಡ. ಮನೆಯ ಹಳೆಯ ಕೌದಿಯ ತುಂಡಿನಿಂದ ಹೊಲಿದ ಒಳಚೀಲವು ಸಾಕಷ್ಟು ಮೆತ್ತಗಿರುತ್ತದೆ. ಬುತ್ತಿಯ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಅದೇ ಚೀಲದಲ್ಲಿ ತುರುಕದಿದ್ದರೆ ಅರ್ಧ ರಕ್ಷಣೆಯಾದಂತೆ. ಬಸ್ಸಿನಲ್ಲಿ ಅದನ್ನು ಮೇಲಿನ ಅಟ್ಟಕ್ಕೆ ಎಸೆಯದೆ ತೊಡೆಯ ಮೇಲಿಟ್ಟುಕೊಳ್ಳಬೇಕು. ಮಡಿಲಗಣಕವೆಂಬ ಹೆಸರು ಅಷ್ಟರಮಟ್ಟಿಗೆ ಸಾರ್ಥಕ.

ವಂಚನೆಯ ಕುರಿತು ಒಂದು ಮಾತು. ತೆರೆಯ ತುಂಬ ಕೆಂಪು ಎಚ್ಚರಿಕೆ ಮೂಡಿ, ಒಂದು ಸಂಖ್ಯೆಗೆ ಫೋನು ಮಾಡೆಂದು ಹೇಳಿದರೆ ಮಾಡಬಾರದು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದಿಲ್ಲ. ವಿದ್ಯಾರ್ಥಿವೇತನ ಬಂದಿದೆಯೆಂದು ಒಟಿಪಿ ಕೇಳುವವರಿಗೂ ಅದೇ ಉತ್ತರ. ಅಕಸ್ಮಾತ್ತಾಗಿ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕರೆ ಎಷ್ಟು ಬೇಗ ಹೋದರೆ ಹಣವನ್ನು ನಡುಹಾದಿಯಲ್ಲಿ ತಡೆಯುವ ಸಂಭವ ಅಷ್ಟು ಹೆಚ್ಚು.

ದಾನಿಗಳಲ್ಲಿ ಒಂದು ಬಿನ್ನಹ. ಹತ್ತು ವಿದ್ಯಾರ್ಥಿಗಳಿಗೆ ಯಂತ್ರ ಕೊಡಿಸುವಷ್ಟು ಹಣವಿದ್ದಲ್ಲಿ ಒಂಬತ್ತು ಯಂತ್ರಗಳನ್ನು ಕೊಂಡು, ಹತ್ತನೆಯದರ ಹಣದಲ್ಲಿ ಆ ಒಂಬತ್ತಕ್ಕೂ ಪ್ರತಿ ತೆಗೆಯುವ ಡಿಸ್ಕು ಅಥವಾ ಪೆನ್‌ಡ್ರೈವುಗಳನ್ನೂ ಸ್ಪೈಕ್ ಗಾರ್ಡುಗಳನ್ನೂ ಕೊಡಿಸುವುದು ಮೇಲು. ಕೊಡುವ ಸಮಾರಂಭದಲ್ಲಿ ಯಂತ್ರದ ಪೆಟ್ಟಿಗೆಯೊಡನೆ ಚಿತ್ರ ತೆಗೆಯಿಸಿಕೊಂಡು ಮುಗಿಸುವ ಬದಲು, ಅದೇ ಸಭಾಂಗಣದಲ್ಲಿ ಎರಡು ಗಂಟೆ ಕುಳ್ಳಿರಿಸಿ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿಯೇ ಖಾತೆ ತೆರೆದು, ಆ 48 ಅಂಕೆಗಳನ್ನು ಬರೆದುಕೊಂಡು ಏಳುವಂತೆ ಮಾಡಿದರೆ ದಾನದ ಆಯುಷ್ಯ ಹೆಚ್ಚುತ್ತದೆ. ಕಂಪ್ಯೂಟರ್ ಬಲ್ಲ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಹಣ ಕೊಡಲಾಗದವರು ಈ ಎರಡು ಗಂಟೆಗಳನ್ನು ಕೊಡಬಹುದು.

ಪದವಿ ಮುಗಿದ ಮೇಲೆ ಯಂತ್ರವು ಮನೆಯಲ್ಲಿ ತಮ್ಮನಿಗೋ ತಂಗಿಗೋ, ಇಲ್ಲವೆ ಶಾಲೆಯ ಮೂಲಕ ಇನ್ನೊಬ್ಬ ವಿದ್ಯಾರ್ಥಿಗೋ ಸಲ್ಲುವುದುಂಟು. ಕೊಡುವ ಮೊದಲು ತನ್ನ ಬರಹದ ಪ್ರತಿಯನ್ನು ತೆಗೆದುಕೊಂಡು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ, ಖಾತೆಗಳಿಂದ ಹೊರಬಂದು, ‘ರೀಸೆಟ್’ ಎಂಬಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯನ್ನು ಒತ್ತತಕ್ಕದ್ದು. ಅಳಿಸುವುದಕ್ಕೆ ಕೆಲವು ಗಂಟೆಗಳೂ ಹಿಡಿದಾವು. ಅಲ್ಲಿಯವರೆಗೆ ಚಾರ್ಜರು ಜೋಡಿಸಿಯೇ ಇರಲಿ. ಬಿಲ್ಲನ್ನೂ ಯಂತ್ರದೊಡನೆ ಕೊಡಬೇಕು. ಹೊಸ ಕೈಗೆ ಬಂದ ದಿನ ಖಾತೆಯನ್ನು ಆ ಕೈಯ ಹೆಸರಿನಲ್ಲಿಯೇ ಮತ್ತೆ ತೆರೆಯುವುದು, ಹೊಸ ಕೀಲಿಯನ್ನು ಹೊಸ ಹಾಳೆಯಲ್ಲಿ ಬರೆದಿಡುವುದು.